ಲಕ್ಷ ರೂಪಾಯಿಯ ಕೆಲಸ ಒಂದು ಗೇಣು ಮಾಡುತ್ತದೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರ ಬಗ್ಗೆ ಬಂದ ಬರಹ ಓದಿದೆ. ಹಳ್ಳಿ ಹುಡುಗರು, ಹೆಣ್ಣುಮಕ್ಕಳು ತಮ್ಮ ಮನೆಯ ಒಂದು ಕೋಣೆಯಲ್ಲೇ ಹಾಡಿ ಊರಿಗೆಲ್ಲ ಕೇಳಿಸುತ್ತಿದ್ದಾರೆ ಅಂತ ಬರೆದದ್ದು ಖುಷಿಯಾಯಿತು. ಆದರೆ ಅದರಲ್ಲಿ ಒಂದು ಮಾತು ಮನಸ್ಸಿಗೆ ಚುಚ್ಚಿತು. ಮೈಕಿನ ಸಣ್ಣ ದನಿಯನ್ನು ದೊಡ್ಡದು ಮಾಡುವ ಪ್ರಿಆಂಪ್ ಅಗ್ಗದ್ದಾದರೆ ರೆಕಾರ್ಡಿಂಗ್ ಕೆಟ್ಟಂತೆಯೇ, ಸಾಲ ಮಾಡಿಯಾದರೂ ದುಬಾರಿಯದ್ದನ್ನೇ ಕೊಳ್ಳಬೇಕು ಎಂಬ ಅರ್ಥದ ಮಾತು ಅದು. ಅದನ್ನು ನಂಬಿ ಸಾಲ ಮಾಡಿದ ಒಬ್ಬ ಹುಡುಗ ನನ್ನ ಮನೆ ಬಾಗಿಲಿಗೆ ಬಂದಿದ್ದ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ತಿಪಟೂರು ತಾಲ್ಲೂಕಿನವನು. 27 ವರ್ಷದಿಂದ ಮೈಕ್‌ಸೆಟ್ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಜಾತ್ರೆ, ಗಣೇಶನ ಪೆಂಡಾಲು, ರಾತ್ರಿಯಿಂದ ಬೆಳಗಿನವರೆಗೆ ನಡೆಯುವ ಪೌರಾಣಿಕ ನಾಟಕ, ಇವೇ ನನ್ನ ಅನ್ನ. 2020ರಲ್ಲಿ ಕೊರೊನಾ ಬಂದು ಎಲ್ಲ ನಿಂತಾಗ ಹಾರನ್ನು, ಆಂಪ್ಲಿಫೈಯರ್ ಎಲ್ಲ ಮೂಲೆ ಸೇರಿದವು. ಆಗ ಮಗಳ ಲ್ಯಾಪ್‌ಟಾಪಿಗೆ ಸೇರಿಸುವ, ಎರಡು ಮೈಕ್ ಹಾಕಬಹುದಾದ ಒಂದು ಸಣ್ಣ ಇಂಟರ್‌ಫೇಸ್ (ಒಳಗೇ ಪ್ರಿಆಂಪ್ ಇರುವ, ಮೈಕಿನ ದನಿಯನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ) ತಂದೆ. ಒಂಬತ್ತು ಸಾವಿರ ರೂಪಾಯಿಯೊಳಗೆ ಬಂತು. ಭಜನೆ ತಂಡದವರು, ನಾಟಕದ ಪಾತ್ರಧಾರಿಗಳು, ಶಾಲೆ ಮಕ್ಕಳು ಬಂದು ಹಾಡಿದರು. ಇವತ್ತಿಗೂ ಅದೇ ಪೆಟ್ಟಿಗೆ ನಡೆಯುತ್ತಿದೆ.

ಹೋದ ಶ್ರಾವಣದಲ್ಲಿ ಪಕ್ಕದ ಊರಿನ ಹುಡುಗ ಒಂದು ಪೆಟ್ಟಿಗೆ ಎದೆಗವಚಿಕೊಂಡು ಬಂದ. ಚೆನ್ನಾಗಿ ಹಾಡುತ್ತಾನೆ, ಭಾವಗೀತೆ ಅವನ ಗಂಟಲಿಗೆ ಒಗ್ಗುತ್ತದೆ. "ಅಣ್ಣಾ, ಇದರಲ್ಲಿ ಏನೋ ಕೆಟ್ಟಿದೆ, ಬಿಚ್ಚಿ ನೋಡಿ" ಅಂದ. ಒಂದೇ ಒಂದು ಮೈಕಿನ ಪ್ರಿಆಂಪ್. ಬೆಲೆ ಕೇಳಿದೆ. ಲಕ್ಷ ದಾಟಿತ್ತು. ಅರ್ಧ ಕಂತಿನಲ್ಲಿ ಕಟ್ಟುವುದು, ಇನ್ನರ್ಧದಲ್ಲಿ ಅವನ ತಾಯಿ ಮಹಿಳಾ ಸಂಘದಲ್ಲಿ ಎತ್ತಿಕೊಟ್ಟ ಸಾಲವೂ ಇತ್ತು. ಇದನ್ನು ಹಾಕಿದರೆ ಸಿನಿಮಾ ಹಾಡಿನ ಹಾಗೆ ಕೇಳುತ್ತದೆ ಅಂತ ಅಂಗಡಿಯವರು ಹೇಳಿದ್ದರಂತೆ. ಮನೆಗೆ ತಂದು ಹಾಡಿದರೆ ಮೊದಲಿಗಿಂತ ಕಡೆಯಾಗಿ ಕೇಳುತ್ತಿದೆ. ಕಣ್ಣಲ್ಲಿ ನೀರಿತ್ತು.

ಪೆಟ್ಟಿಗೆ ಬಿಚ್ಚುವ ಮೊದಲು, ಹೇಗೆ ಸೇರಿಸಿದ್ದೀಯಾ ತೋರಿಸು ಅಂದೆ. ಪ್ರಿಆಂಪಿನಿಂದ ಹೊರಬಂದ ವೈರನ್ನು ಇಂಟರ್‌ಫೇಸಿನ ಮೈಕ್ ಸಾಕೆಟ್ಟಿಗೇ ಹಾಕಿದ್ದ. ಅಂದರೆ ಲಕ್ಷದ ಪ್ರಿಆಂಪ್ ದೊಡ್ಡದು ಮಾಡಿ ಕೊಟ್ಟ ದನಿಯನ್ನು ಅಗ್ಗದ ಪ್ರಿಆಂಪ್ ಇನ್ನೊಂದು ಸಲ ದೊಡ್ಡದು ಮಾಡುತ್ತಿತ್ತು. ದನಿ ಒಡೆಯದೆ ಇನ್ನೇನಾಗುತ್ತೆ? ಅದು ಹೋಗಬೇಕಾದ್ದು ಆಗಲೇ ದೊಡ್ಡದಾದ ದನಿಗೆಂದೇ ಇರುವ ಲೈನ್ ಸಾಕೆಟ್ಟಿಗೆ. ಇನ್ನೊಂದು ವಿಷಯವನ್ನು ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಹಲವು ಅಗ್ಗದ ಇಂಟರ್‌ಫೇಸ್‌ಗಳಲ್ಲಿ ಲೈನ್ ಸಾಕೆಟ್ಟಿಗೆ ಹಾಕಿದರೂ ಒಳಗಡೆ ದನಿಯನ್ನು ತಗ್ಗಿಸಿ ಅದೇ ಸಣ್ಣ ಪ್ರಿಆಂಪಿನ ಮೂಲಕವೇ ಕಳಿಸುತ್ತಾರೆ. ದುಡ್ಡು ಕೊಟ್ಟು ಯಾವುದನ್ನು ಬಿಡಬೇಕು ಅಂದುಕೊಂಡಿರೋ ಅದೇ ದಾರಿಯಲ್ಲಿ ಕೂತಿರುತ್ತದೆ.

ವೈರು ಸರಿ ಮಾಡಿದ ಮೇಲೆ ಒಡೆಯುವುದು ನಿಂತಿತು. ಆದರೆ ಅವನ ಮುಖ ಅರಳಲಿಲ್ಲ. "ಈಗ ಮೊದಲಿನ ಹಾಗೇ ಕೇಳ್ತಿದೆ ಅಣ್ಣ, ಅಷ್ಟೇ" ಅಂದ. ಹಾಗಾದರೆ ಕೂತು ಪರೀಕ್ಷೆ ಮಾಡೋಣ ಅಂದೆ. ಸುಮ್ನೆ ಬಾಯಿಮಾತಿನಲ್ಲಿ ಅಲ್ಲ, ಕಿವಿ ಮೋಸ ಹೋಗದ ಹಾಗೆ.

ಯಾರೂ ಎರಡು ಸಲ ಒಂದೇ ತರ ಹಾಡಲಾರರು. ಅದಕ್ಕೆ ನಮ್ಮ ಹಾರ್ಮೋನಿಯಂ ಮೇಷ್ಟ್ರು ಹಿಂದೆ ಹಾಡಿ ರೆಕಾರ್ಡ್ ಮಾಡಿದ್ದ ಒಂದು ಕಂದಪದ್ಯವನ್ನು ಸ್ಪೀಕರಿನಲ್ಲಿ ಹಾಕಿದೆವು. ಎದುರಿಗೆ ಒಂದು ಕಂಡೆನ್ಸರ್ ಮೈಕ್ (ಕರೆಂಟು ಕೊಟ್ಟರೆ ನಡೆಯುವ, ಸಣ್ಣ ಸದ್ದನ್ನೂ ಹಿಡಿಯುವ ಮೈಕ್) ನಿಲ್ಲಿಸಿ, ಸ್ಟ್ಯಾಂಡಿನ ಮೂರು ಕಾಲಿಗೂ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಮೊದಲು ಸಣ್ಣ ಇಂಟರ್‌ಫೇಸಿನಲ್ಲಿ, ಆಮೇಲೆ ಲಕ್ಷದ ಪೆಟ್ಟಿಗೆಯಲ್ಲಿ ಅದೇ ಪದ್ಯ ಹಿಡಿದೆವು. ಆ ಪೆಟ್ಟಿಗೆಯನ್ನು ನನ್ನ ಇಂಟರ್‌ಫೇಸಿನ ಪ್ರಿಆಂಪ್ ತಾಗದ ಹಾಗೆ, ನೇರ ಲೈನ್ ದಾರಿ ಇರುವ ಇನ್ನೊಂದು ಇಂಟರ್‌ಫೇಸ್ ಎರವಲು ತಂದು ಸೇರಿಸಿದ್ದೆ. ಎರಡರ ದನಿಯೂ ಸಮ ಇರಬೇಕು ಅಂತ 1000 ಹರ್ಟ್ಸಿನ ಒಂದೇ ಸಮನೆ ಸದ್ದು ಹಾಕಿ ಡೆಸಿಬಲ್ಲಿನ ಹತ್ತರಲ್ಲಿ ಒಂದು ಭಾಗದವರೆಗೆ ಅಳೆದು ಹೊಂದಿಸಿದೆ. ಇದನ್ನು ಬಿಟ್ಟರೆ ಪರೀಕ್ಷೆಯೇ ದಂಡ. ಎರಡರಲ್ಲಿ ಒಂದು ಅರ್ಧ ಡೆಸಿಬಲ್ ಜಾಸ್ತಿ ಇದ್ದರೂ ಕಿವಿ ಅದನ್ನು ಜೋರಾಗಿದೆ ಅನ್ನುವುದಿಲ್ಲ, ಚೆನ್ನಾಗಿದೆ ಅನ್ನುತ್ತದೆ. ಅಂಗಡಿಯಲ್ಲಿ ಕೇಳಿಸುವಾಗ ದುಬಾರಿ ಪೆಟ್ಟಿಗೆಯ ತಿರುಪು ಚೂರು ಮುಂದೆ ಇದ್ದರೆ ಸಾಕು, ವ್ಯಾಪಾರ ಆಗಿಹೋಗುತ್ತದೆ.

ಮಗಳು ಫೈಲುಗಳ ಹೆಸರು ತೆಗೆದು ನಂಬರು ಹಾಕಿದಳು. ಹುಡುಗ, ಮೇಷ್ಟ್ರು, ನಾನು, ನನ್ನ ಹೆಂಡತಿ, ನಾಲ್ವರೂ ಒಬ್ಬೊಬ್ಬರಾಗಿ ಒಂದೇ ಹೆಡ್‌ಫೋನಿನಲ್ಲಿ ಹತ್ತತ್ತು ಸಲ ಕೇಳಿದೆವು. ಯಾವುದು ಲಕ್ಷದ್ದು ಹೇಳಬೇಕು. ಮೇಷ್ಟ್ರು ಹತ್ತಕ್ಕೆ ಆರು ಸರಿ ಹೇಳಿದರು. ನಾನು ಐದು. ಹೆಂಡತಿಯೂ ಐದು. ಹುಡುಗ ನಾಲ್ಕು. ಕಾಸು ಚಿಮ್ಮಿ ಹೇಳಿದ್ದರೂ ಇಷ್ಟೇ ಬರುತ್ತಿತ್ತು. ಮೇಷ್ಟ್ರು ಐವತ್ತು ವರ್ಷದಿಂದ ಶ್ರುತಿ ಹಿಡಿದವರು, ಅವರ ಕಿವಿ ಮೇಲೆ ನನಗೆ ಬಹಳ ಗೌರವ.

ಯಾಕೆ ಹೀಗೆ ಅಂತ ಹುಡುಗ ಕೇಳಿದ. ಅಟ್ಟದ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲೇ ಲೆಕ್ಕ ಬರೆದು ತೋರಿಸಿದೆ. ಓದುಗರಿಗೂ ಬರೆಯುತ್ತೇನೆ. ದುಡ್ಡು ಎಣಿಸುವ ಮೊದಲು ಈ ಲೆಕ್ಕ ಗೊತ್ತಿರಬೇಕು.

ಮೈಕ್ ಕೊಡುವುದು ಬಹಳ ಸಣ್ಣ ವೋಲ್ಟೇಜು. ವೇದಿಕೆ ಮೇಲೆ ಎಲ್ಲರೂ ನೋಡಿರುವ ಶ್ಯೂರ್ ಎಸ್‌ಎಂ 58 ಮೈಕಿಗೆ 94 ಡೆಸಿಬಲ್ ಸದ್ದು ಬಿದ್ದರೆ, ಅಂದರೆ ಬಾಯಿಗೆ ತೀರಾ ಹತ್ತಿರ ಹಿಡಿದು ಸಾಧಾರಣವಾಗಿ ಮಾತಾಡಿದರೆ, ಹೊರಗೆ ಬರುವುದು 2 ಮಿಲಿವೋಲ್ಟೂ ಇಲ್ಲ, 1.85. ಅದನ್ನು ನೂರು ಪಟ್ಟು, ಸಾವಿರ ಪಟ್ಟು ದೊಡ್ಡದು ಮಾಡುವುದೇ ಪ್ರಿಆಂಪಿನ ಕೆಲಸ. 60 ಡೆಸಿಬಲ್ ಗೇನ್ ಅಂದರೆ ಸರಿಯಾಗಿ ಸಾವಿರ ಪಟ್ಟು. ದೊಡ್ಡದು ಮಾಡುವಾಗ ತನ್ನದೂ ಒಂದಿಷ್ಟು 'ಉಸ್' ಸೇರಿಸುತ್ತದೆ. ಒಳ್ಳೆಯದು ಕಡಿಮೆ ಸೇರಿಸುತ್ತದೆ, ಕೆಟ್ಟದ್ದು ಜಾಸ್ತಿ.

ಆದರೆ ಈ ಉಸ್ ಎಷ್ಟು ಕಡಿಮೆಯಾದೀತು ಅನ್ನುವುದಕ್ಕೆ ಪ್ರಕೃತಿಯೇ ಒಂದು ಗೆರೆ ಎಳೆದಿದೆ. ಮೈಕಿನೊಳಗಿನ ತಂತಿಗೆ ರೆಸಿಸ್ಟೆನ್ಸ್ ಇರುತ್ತದೆ. ಕೋಣೆಯ ಬಿಸಿಗೆ ಅದರೊಳಗಿನ ಎಲೆಕ್ಟ್ರಾನುಗಳು ಸುಮ್ಮನಿರಲಾರದೆ ಅಲ್ಲಾಡುತ್ತವೆ. 150 ಓಂ ಲೆಕ್ಕ ಹಿಡಿದರೆ ಆ ಅಲ್ಲಾಟದ ಸದ್ದೇ ಸುಮಾರು ಮೈನಸ್ 131 ಡಿಬಿಯು (ವೋಲ್ಟೇಜನ್ನು ಡೆಸಿಬಲ್ಲಿನಲ್ಲಿ ಹೇಳುವ ಲೆಕ್ಕ, ಮೈನಸ್ ಅಂಕಿ ದೊಡ್ಡದಾದಷ್ಟೂ ಉಸ್ ಕಡಿಮೆ). ಎಷ್ಟು ಲಕ್ಷ ಕೊಟ್ಟರೂ ಅದಕ್ಕಿಂತ ಕೆಳಗೆ ಹೋಗಲು ಆಗುವುದಿಲ್ಲ. ಈಗಿನ ಸಾಧಾರಣ ಇಂಟರ್‌ಫೇಸ್‌ಗಳು ಎಲ್ಲಿ ನಿಂತಿವೆ? ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ರ ಮೂರನೇ ತಲೆಮಾರಿನದಕ್ಕೆ ಕಂಪನಿ ಕೊಟ್ಟ ಉಸ್‌ನ ಅಂಕಿ ಮೈನಸ್ 128. ಅಳೆಯುವ ಬಗೆ ಕಂಪನಿಯಿಂದ ಕಂಪನಿಗೆ ಚೂರು ಬೇರೆ ಇರುತ್ತದೆ. ಆದರೂ ಅಗ್ಗದ ಒಳ್ಳೆಯ ಪೆಟ್ಟಿಗೆಗೂ ಆ ಗೆರೆಗೂ ನಡುವೆ ಉಳಿದಿರುವುದು ಮೂರು, ನಾಲ್ಕು, ಹೆಚ್ಚೆಂದರೆ ಆರು ಡೆಸಿಬಲ್. ಪೂರ್ತಿ ಲಕ್ಷ ಸುರಿದರೂ ಕೊಳ್ಳಲು ಸಿಗುವ ನಿಶ್ಶಬ್ದ ಇಷ್ಟೇ.

ಈಗ ಕಂಡೆನ್ಸರ್ ಮೈಕ್ ನೋಡಿ. ರೋಡ್ ಎನ್‌ಟಿ1-ಎ ಅದೇ 94 ಡೆಸಿಬಲ್ಲಿಗೆ 25 ಮಿಲಿವೋಲ್ಟ್ ಕೊಡುತ್ತದೆ. ಎಸ್‌ಎಂ 58ರ ಹದಿಮೂರು ಪಟ್ಟು. ಪ್ರಿಆಂಪ್ ಅಷ್ಟು ಕಷ್ಟಪಡಬೇಕಾಗಿಯೇ ಇಲ್ಲ. ಆ ಮೈಕಿಗೆ ತನ್ನದೇ 5 ಡೆಸಿಬಲ್ ಸದ್ದಿದೆ. ಬಹಳ ಕಡಿಮೆ, ಆದರೂ ಲೆಕ್ಕ ಹಾಕಿದರೆ ಆ ಸಾಧಾರಣ ಪ್ರಿಆಂಪಿನ ಉಸ್‌ಗಿಂತ ಸುಮಾರು ಮೂರು ಪಟ್ಟು ದೊಡ್ಡದು. ಇನ್ನು ಕೋಣೆ. ರಾತ್ರಿ ಹನ್ನೊಂದಕ್ಕೆ ಫ್ಯಾನು ಆರಿಸಿ ನನ್ನ ಕೋಣೆಯಲ್ಲಿ ಅಳೆದರೆ 30 ಡೆಸಿಬಲ್. (ಅಳೆಯುವ ಮೀಟರು ನನ್ನ ಹತ್ತಿರ ಇರಲೇಬೇಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಜಾಗದಲ್ಲಿ ಹಗಲು 55, ರಾತ್ರಿ 45 ಮೀರಬಾರದು. ಮೈಕ್‌ಸೆಟ್ಟಿನವರಾದ ನಾವು ಅದನ್ನು ಪಾಲಿಸಬೇಕು.) ಆ 30 ಡೆಸಿಬಲ್ ಮೌನವೇ ಆ ಮೈಕಿನಲ್ಲಿ ಪ್ರಿಆಂಪಿನ ಉಸ್‌ಗಿಂತ ಐವತ್ತು ಪಟ್ಟು ದೊಡ್ಡದಾಗಿ ಹೊರಬರುತ್ತದೆ. ಫ್ಯಾನು ತಿರುಗಿದರೆ ಕೇಳಲೇಬೇಡಿ. ಆ ಹುಡುಗನ ಕೋಣೆಗೆ ಹೋಗಿ ನೋಡಿದ್ದೆ. ತಲೆ ಮೇಲೆ ಫ್ಯಾನು, ನಾಲ್ಕೂ ಕಡೆ ಬರೀ ಸಿಮೆಂಟ್ ಗೋಡೆ, ಕೆಳಗೆ ಟೈಲ್ಸು. ಚಪ್ಪಾಳೆ ತಟ್ಟಿದರೆ ಟಣ್ ಅಂತ ವಾಪಸ್ ಬರುತ್ತದೆ. ಲಕ್ಷದ ಪೆಟ್ಟಿಗೆ ಆ ಟಣ್ಣನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದು ಕೊಟ್ಟಿತ್ತು.

ಹಾಗಂತ ದುಬಾರಿ ಪೆಟ್ಟಿಗೆ ಬರೀ ಮೋಸ ಅಂತ ನಾನು ಹೇಳುತ್ತಿಲ್ಲ. ಅದು ಅನ್ಯಾಯದ ಮಾತಾಗುತ್ತದೆ. ಆ ಪೆಟ್ಟಿಗೆ ಮಾಡಿದ್ದು ನೀವ್ 1073 ಎಂಬ ಹೆಸರಾಂತ ಹಳೆಯ ಪ್ರಿಆಂಪಿನ ಮಾದರಿಯಲ್ಲಿ. ಮೂಲ 1073 ಬಂದದ್ದು 1970ರಲ್ಲಿ, ಇಂಗ್ಲೆಂಡಿನ ರೂಪರ್ಟ್ ನೀವ್ ಅವರ ಕಂಪನಿಯಿಂದ, ದೊಡ್ಡ ಸ್ಟುಡಿಯೊ ಮಿಕ್ಸರಿನ ಒಂದೊಂದು ಚಾನೆಲ್ಲಾಗಿ. ಒಳಗೆ ಬರುವಾಗ ಒಂದು ಟ್ರಾನ್ಸ್‌ಫಾರ್ಮರ್, ಹೊರಗೆ ಹೋಗುವಾಗ ಇನ್ನೊಂದು. ಗೇನ್ ಹದವಾಗಿದ್ದರೆ ಸ್ವಚ್ಛವಾಗಿರುತ್ತದೆ. ಮೇಲಕ್ಕೆ ತಳ್ಳಿದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಹಿಡಿಯುವಷ್ಟು ಕಾಂತಶಕ್ತಿ ತುಂಬಿಕೊಂಡು ದನಿಗೆ ಒಂದು ದಪ್ಪ ಬರುತ್ತದೆ. ನಾವು ಡೊಳ್ಳಿಗೆ ಹಾಗೆ ಮಾಡಿ ನೋಡಿದೆವು. ಗೇನ್ ಏರಿಸಿ, ಹೊರಹೋಗುವ ತಿರುಪು ಇಳಿಸಿದೆ. ಏಟಿನ ಮೊನೆ ಸ್ವಲ್ಪ ಮಣಿದು, ಅಡಿಯ ಗುಮ್ ಎದೆಗೆ ಬಂದು ಕೂತಿತು. ಸಣ್ಣ ಇಂಟರ್‌ಫೇಸಿನಲ್ಲಿ ಗೇನ್ ಅಷ್ಟು ಏರಿಸಿದರೆ ಬರೀ ಚರ್ ಅಂತ ಒಡೆಯುತ್ತದೆ. ಅವತ್ತು ಮೇಷ್ಟ್ರು "ಇದು ಬೇರೆ ಕಣಯ್ಯಾ" ಅಂದರು. ನಿಜ, ಅದು ಬೇರೆಯೇ.

ಇನ್ನೊಂದು ಕಡೆಯೂ ಅದು ಗೆದ್ದಿತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮವ್ವನಿಗೆ 81. ಬೀಸುವ ಪದ ಬಹಳ ಗೊತ್ತು. ರೆಕಾರ್ಡ್ ಮಾಡಬೇಕು ಅಂತ ಎಷ್ಟೋ ವರ್ಷದಿಂದ ನನ್ನಾಸೆ. ಗೂಟ ಹಿಡಿಯದೆ ಪದ ಬರಲ್ಲ ಅನ್ನುತ್ತಾಳೆ. ಅದಕ್ಕೆ ಬೀಸುವ ಕಲ್ಲನ್ನೇ ತಂದು, ಕಾಳು ಹಾಕದೆ, ಕೆಳಗೆ ಕಂಬಳಿ ಮಡಿಸಿ ಇಟ್ಟೆ. ಕಂಡೆನ್ಸರ್ ಮೈಕ್ ಇಟ್ಟರೆ ಕೋಳಿ, ಮೋಟರು, ರಸ್ತೆ ಎಲ್ಲ ಬರುತ್ತದೆ. ಎಸ್‌ಎಂ 58 ಇಟ್ಟೆ. ಹತ್ತಿರ ತಂದರೆ "ಬಾಯಿಗೆ ತುರುಕಬೇಡ ಕಣೋ" ಅಂತ ಮುಖ ತಿರುಗಿಸುತ್ತಾಳೆ. ಸರಿ ಅಂತ ನಾಲ್ಕು ಗೇಣು ದೂರ ಇಟ್ಟೆ. ಅವಳ ದನಿಯೋ ಮೊದಲೇ ಮೆತ್ತಗೆ. ಸಣ್ಣ ಇಂಟರ್‌ಫೇಸಿನ ತಿರುಪು ಕೊನೆಯವರೆಗೆ ತಿರುಗಿಸಿದರೂ ಕಂಪ್ಯೂಟರಿನ ಪರದೆಯಲ್ಲಿ ದನಿಯ ಗೆರೆ ಮೇಲೇಳಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿದರೆ ಪದದ ಹಿಂದೆ ಮಳೆ ಸುರಿದ ಹಾಗೆ ಉಸ್. ಹುಡುಗನ ಪೆಟ್ಟಿಗೆ ಹಾಕಿದೆ. ಗೇನ್ ಧಾರಾಳವಾಗಿ ಸಿಕ್ಕಿತು, ಉಸ್ ಕಣ್ಣಿಗೆ ಕಾಣುವಷ್ಟು ಇಳಿಯಿತು. ಪೂರ್ತಿ ಹೋಗಲಿಲ್ಲ, ಇಳಿಯಿತು. ಇಲ್ಲಿ ದುಡ್ಡು ಕೆಲಸ ಮಾಡಿತು, ಒಪ್ಪುತ್ತೇನೆ.

ಆದರೆ ನನಗೆ ಸಮಾಧಾನ ಆಗಲಿಲ್ಲ. ರಾತ್ರಿ ಮಲಗಿ ಯೋಚನೆ ಮಾಡಿದೆ. ಮೈಕಿಗೂ ಬಾಯಿಗೂ ಇರುವ ದೂರ ಅರ್ಧಕ್ಕೆ ಇಳಿಸಿದರೆ ದನಿ 6 ಡೆಸಿಬಲ್ ಏರುತ್ತದೆ. ನಾಲ್ಕು ಗೇಣಿನಿಂದ ಎರಡಕ್ಕೆ 6. ಎರಡರಿಂದ ಒಂದಕ್ಕೆ ಇನ್ನೊಂದು 6. ಒಟ್ಟು 12 ಡೆಸಿಬಲ್, ನಾಲ್ಕು ಪಟ್ಟು. ಉಸ್ ಅಲ್ಲೇ ಇರುತ್ತದೆ, ಪದ ಮಾತ್ರ ಮುಂದೆ ಬರುತ್ತದೆ. ಬೆಳಿಗ್ಗೆ ಎದ್ದು ಎಲ್ಲವನ್ನೂ ಕೊಬ್ಬರಿ ಅಟ್ಟದ ಕೆಳಗೆ ಸಾಗಿಸಿದೆ. ಮೈಕನ್ನು ಅಟ್ಟದ ದಬ್ಬೆಯಿಂದ ತಲೆಕೆಳಗಾಗಿ ಇಳಿಬಿಟ್ಟೆ. ಅವ್ವ ಕೂತು ಕಲ್ಲಿನ ಕಡೆ ನೋಡುವಾಗ ಅದು ಅವಳ ಬಾಯಿಂದ ಒಂದು ಗೇಣು ದೂರ, ಹಣೆಯ ಮುಂದೆ. ಅವಳ ಕಣ್ಣಿಗೆ ಬೀಳುವುದಿಲ್ಲ. ಒಂಬತ್ತು ಸಾವಿರದ ಪೆಟ್ಟಿಗೆಗೇ ಸೇರಿಸಿದೆ. ಅವ್ವ ಗೂಟ ಹಿಡಿದು ಎರಡು ಸುತ್ತು ತಿರುಗಿಸಿದಳು, ಮೂರನೆಯದಕ್ಕೆ ಪದ ಎತ್ತಿದಳು. ಹೆಡ್‌ಫೋನು ಹಾಕಿಕೊಂಡ ಹುಡುಗ ನನ್ನ ಕೈ ಹಿಡಿದ. ಅವಳು ಉಸಿರು ತೆಗೆದುಕೊಳ್ಳುವುದು, ಬಳೆ ಗೂಟಕ್ಕೆ ತಾಗುವುದು, ಸಾಲಿನ ಕೊನೆಯಲ್ಲಿ ದನಿ ಸಣ್ಣಗೆ ನಡುಗುವುದು, ಎಲ್ಲ ಬಂದಿತ್ತು. ಹಿಂದಿನ ದಿನ ಲಕ್ಷದ ಪೆಟ್ಟಿಗೆ ನಾಲ್ಕು ಗೇಣಿನಿಂದ ಹಿಡಿದಿದ್ದಕ್ಕಿಂತ ಇದು ಎಷ್ಟೋ ಮೇಲು.

ಕೊಬ್ಬರಿ ಅಟ್ಟ ಯಾಕೆ ಅಂತ ಬೇರೆ ಸೀಮೆಯವರಿಗೆ ಹೇಳಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಟ್ಟದ ಮೇಲೆ ರಾಶಿ ಹಾಕಿ ಬಿಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಬಿಡಿಸಿಕೊಳ್ಳುತ್ತದೆ. ಆ ರಾಶಿಯ ಕೆಳಗೆ ನಿಂತು ಚಪ್ಪಾಳೆ ತಟ್ಟಿ ನೋಡಿ. ಸದ್ದು ಅಲ್ಲೇ ಸಾಯುತ್ತದೆ. ಮೇಲೆ ನಾರು ತುಂಬಿದ ಗುಂಡು ಕಾಯಿ, ನಡುವೆ ಸಂದಿ, ಒಂದೂ ಸಮ ಮಟ್ಟ ಇಲ್ಲ. ಗೋಡೆಗೆ ನಾನು ಮರದ ಚೌಕಟ್ಟು ಮಾಡಿ ನಾಲ್ಕು ಇಂಚು ದಪ್ಪಕ್ಕೆ ತೆಂಗಿನ ನಾರು ತುಂಬಿ ಗೋಣಿತಟ್ಟು ಹೊದಿಸಿದ್ದೇನೆ. ಆರು ಚೌಕಟ್ಟು. ನಾರು ಮನೆಯದು, ಗೋಣಿ ಹಳೆಯದು, ಮರಕ್ಕೆ ಮತ್ತು ಬಡಗಿಗೆ ಮಾತ್ರ ದುಡ್ಡು ಕೊಟ್ಟೆ. ಕಾಯಿ ಇಳಿಸಿದ ತಿಂಗಳುಗಳಲ್ಲಿ ಅಟ್ಟ ಖಾಲಿ ಇರುತ್ತದೆ, ಆಗ ದನಿ ಬದಲಾಗುವುದು ನನಗೇ ಗೊತ್ತಾಗುತ್ತದೆ.

ಕರೆಂಟಿನ ಗುಂಯ್ ಬಗ್ಗೆ ಎರಡು ಮಾತು. ಪ್ರಿಆಂಪ್ ಅಗ್ಗದ್ದು, ಅದಕ್ಕೇ ಗುಂಯ್ ಅನ್ನುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ನಾನು ನೋಡಿದ ಬಹಳಷ್ಟು ಕಡೆ ತಪ್ಪು ಅರ್ಥಿಂಗಿನದು, ಇಲ್ಲವೇ ಲ್ಯಾಪ್‌ಟಾಪ್ ಚಾರ್ಜರಿನದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಗುಂಯ್ ನಿಂತರೆ ಪ್ರಿಆಂಪಿನ ತಪ್ಪಲ್ಲ. ಅರ್ಥಿನ ಗುಂಡಿಗೆ ಉಪ್ಪು, ಇದ್ದಲು ಹಾಕಿಸಿ, ಬೇಸಿಗೆಯಲ್ಲಿ ನೀರು ಬಿಡಿ. ನಾಟಕದ ಮೈಕ್ ಹಾಡುವವರ ತುಟಿಗೆ ಜುಮ್ ಅನ್ನಿಸುವುದೂ ಅರ್ಥ್ ಸರಿ ಇಲ್ಲದೆಯೇ. ಅದು ಬರೀ ದನಿಯ ವಿಷಯ ಅಲ್ಲ, ಜೀವದ ವಿಷಯ.

ಮೆತ್ತಗಿನ ದನಿಗೆ ಎಸ್‌ಎಂ 58 ತರದ ಡೈನಾಮಿಕ್ ಮೈಕನ್ನೇ ದೂರದಿಂದ ಇಡಬೇಕು, ಬೇರೆ ದಾರಿಯೇ ಇಲ್ಲ ಅನ್ನುವವರು ಪ್ರಿಆಂಪ್ ಬದಲಿಸುವ ಮೊದಲು ಫೆಟ್‌ಹೆಡ್, ಕ್ಲೌಡ್‌ಲಿಫ್ಟರ್ ತರದ ಬೂಸ್ಟರ್ (ಮೈಕಿಗೂ ಪ್ರಿಆಂಪಿಗೂ ನಡುವೆ ದನಿ ಏರಿಸುವ ಸಣ್ಣ ಸಾಧನ) ನೋಡಲಿ. ಇಂಟರ್‌ಫೇಸ್ ಮೈಕ್ ವೈರಿನಲ್ಲಿ ಕೊಡುವ 48 ವೋಲ್ಟಿನಲ್ಲೇ ನಡೆಯುತ್ತದೆ, 25ರಿಂದ 27 ಡೆಸಿಬಲ್ ಸೇರಿಸುತ್ತದೆ. ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಎಂಟು, ಹದಿನಾರು ಮೈಕ್ ಒಟ್ಟಿಗೆ ಹಾಕಿ ಸ್ಟುಡಿಯೊ ನಡೆಸಿ ಅದರಲ್ಲೇ ದುಡಿಯುವವರು ದುಬಾರಿ ಪ್ರಿಆಂಪ್ ಕೊಳ್ಳಲಿ, ಅವರಿಗೆ ಅದು ನೇಗಿಲು ಇದ್ದ ಹಾಗೆ. ನಾನು ಹೇಳುತ್ತಿರುವುದು ಮನೆಯ ಒಂದು ಕೋಣೆ, ಒಂದು ಮೈಕ್, ಒಂದು ಗಂಟಲು ಇರುವವರ ಮಾತು.

ಹುಡುಗನ ಪೆಟ್ಟಿಗೆಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕಂತು ಇನ್ನೂ 14 ತಿಂಗಳಿದೆ. ಡೊಳ್ಳಿನ ತಂಡದವರ ರೆಕಾರ್ಡಿಂಗಿಗೆ ಅದನ್ನು ಬಾಡಿಗೆಗೆ ಹಚ್ಚಿದ್ದೇವೆ, ಸ್ವಲ್ಪ ಬರುತ್ತಿದೆ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಇಂಥ ಬರಹ ಹಾಕುವಾಗ ಬೆಲೆಯ ಪಟ್ಟಿಯ ಜೊತೆಗೆ ಗೋಡೆ, ಫ್ಯಾನು, ದೂರ, ಅರ್ಥಿಂಗಿನ ಬಗ್ಗೆಯೂ ಬರೆಸಿ. ದನಿ ಸಮ ಮಾಡಿ, ಹೆಸರು ಮುಚ್ಚಿ ಕೇಳಿ ಹೋಲಿಸಿದ್ದಾರಾ ಅಂತ ಬರೆದವರನ್ನು ಕೇಳಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಿಗೂ ಒಂದು ಮಾತು. ತಾಲ್ಲೂಕುಗಳಲ್ಲಿ ರಂಗಮಂದಿರ ಕಟ್ಟುವಾಗ, ದುರಸ್ತಿ ಮಾಡುವಾಗ, ಹಿಂದುಗಡೆ ಹತ್ತಡಿ ಹನ್ನೆರಡಡಿಯ ಒಂದು ಸದ್ದಿಲ್ಲದ ಕೋಣೆ ಬಿಡಿ. ದಪ್ಪ ಬಾಗಿಲು, ಗೋಡೆಗೆ ನಾರಿನ ಹಲಗೆ, ಸರಿಯಾದ ಅರ್ಥಿಂಗ್, ಇಷ್ಟೇ ಸಾಕು. ಮೆಷಿನ್ ಏನೂ ಬೇಡ, ಹುಡುಗರು ತಮ್ಮದನ್ನೇ ತರುತ್ತಾರೆ. ಬೀಸುವ ಪದ, ಸೋಬಾನೆ ಪದ ಗೊತ್ತಿರುವ ಅಜ್ಜಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ಕೂರಿಸಲು ಒಂದು ಜಾಗ ಬೇಕು.

ಅಲ್ಲಿಯವರೆಗೆ ನಮ್ಮ ಅಟ್ಟದ ಕೆಳಗಿನ ಜಾಗ ಇದೆ. ಸುತ್ತಮುತ್ತಲಿನ ಊರಿನವರು ಪ್ರಿಆಂಪಿಗೆ ಅಡ್ವಾನ್ಸ್ ಕೊಡುವ ಮೊದಲು ತಮ್ಮ ಮೈಕ್ ತಂದು ಒಂದು ದಿನ ಹಾಡಿ ನೋಡಲಿ, ದುಡ್ಡು ಬೇಡ. ಮಧ್ಯಾಹ್ನ ಬರಬೇಡಿ, ಪಕ್ಕದ ತೋಟದ ಮೋಟರು ಓಡುತ್ತಿರುತ್ತದೆ. ರಾತ್ರಿ ಊಟ ಮುಗಿಸಿ ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೈಕ್‌ಸೆಟ್ ಕೆಲಸಗಾರ
ತಿಪಟೂರು ತಾಲ್ಲೂಕು